ಇಂಗ್ಲಿಷ್ ಕಲೀತಿದ್ದೀರಾ? ಪದ ಅಲ್ಲ, ಇಡೀ ವಾಕ್ಯ ಕಲೀರಿ

ದಿನಕ್ಕೆ ಹತ್ತು ಪದ ಅಂತ ಪಟ್ಟಿ ಮಾಡಿ ಬಾಯಿಪಾಠ ಮಾಡೋದು ಬಿಟ್ಬಿಡಿ, ನಾನೂ ಒಂದು ವರ್ಷ ಅದನ್ನೇ ಮಾಡ್ದೆ, ಪದ ಎಲ್ಲಾ ಗೊತ್ತು ಆದ್ರೆ ಮಾತಾಡೋ ಹೊತ್ತಿಗೆ ಬಾಯಿಗೇ ಬರ್ತಿರ್ಲಿಲ್ಲ. ಯಾಕಂದ್ರೆ ನಾವು ಕನ್ನಡದ ವಾಕ್ಯ ಇಟ್ಕೊಂಡು ಒಂದೊಂದೇ ಪದ ಬದಲಾಯಿಸ್ತಾ ಹೋಗ್ತೀವಿ. ಡಾಕ್ಟರ್ ಮುಂದೆ ಕೂತು ತಲೆಗೆ ಹೆಡ್ಡು, ಸುತ್ತೋದಕ್ಕೆ ಏನು ಅಂತ ಹುಡುಕೋ ಬದಲು 'ಐ ಫೀಲ್ ಡಿಜ್ಜಿ' ಅಂತ ಪೂರ್ತಿ ಕಲ್ತಿದ್ರೆ ಸಾಕು.

ಒಂದು ಗಮನಿಸಿ, ನಾವು 'ನಂಗೆ' ಅಂತ ಶುರು ಮಾಡೋ ಎಷ್ಟೋ ಮಾತು ಇಂಗ್ಲಿಷಲ್ಲಿ 'ಐ' ಇಂದ ಶುರುವಾಗುತ್ತೆ. ನಂಗೆ ಹಸಿವಾಗ್ತಿದೆ, 'ಐ ಆಮ್ ಹಂಗ್ರಿ'. ನಂಗೆ ನೆಗಡಿ, 'ಐ ಹ್ಯಾವ್ ಎ ಕೋಲ್ಡ್'. ನಂಗೆ ಗೊತ್ತು, 'ಐ ನೋ'. ಇದು ತಲೇಲಿ ಕೂತ್ರೆ ಅರ್ಧ ಭಯ ಹೋಗುತ್ತೆ, ನಿಜವಾಗ್ಲೂ.

ಒಂದು ಸಣ್ಣ ನೋಟ್‌ಬುಕ್ ಇಟ್ಕೊಳ್ಳಿ, ಬ್ಯಾಂಕಿಗೊಂದು ಪುಟ, ಮೆಡಿಕಲ್ ಶಾಪಿಗೊಂದು, ಮಕ್ಕಳ ಸ್ಕೂಲಿಗೊಂದು, ನೀವು ದಿನಾ ಆಡೋ ನಾಕೈದು ಮಾತು ಬರೀರಿ, ಪಾತ್ರೆ ತೊಳೀತಾ ಜೋರಾಗಿ ಹೇಳ್ಕೊಳ್ಳಿ. ಮನಸ್ಸಲ್ಲೇ ಓದಿದ್ರೆ ನಾಲಿಗೆ ತಿರುಗಲ್ಲ.

ಎಲ್ಲಕ್ಕಿಂತ ಮೊದ್ಲು 'ಕುಡ್ ಯು ಸೇ ದಟ್ ಅಗೇನ್, ಪ್ಲೀಸ್' ಕಲೀರಿ, ಅಂದ್ರೆ ದಯವಿಟ್ಟು ಇನ್ನೊಂದ್ಸಲ ಹೇಳ್ತೀರಾ ಅಂತ. ಅರ್ಥ ಆಗ್ದಿದ್ರೆ ತಲೆ ಆಡಿಸಿ ಸುಮ್ನಾಗ್ಬೇಡಿ, ಕೇಳಿದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಹಾಂ, ಫಾರಿನ್ನಲ್ಲಿರೋರ ಜೊತೆ ಮಾತಾಡೋವಾಗ ಡಿಗ್ರಿ ಮುಗಿಸ್ದೆ ಅನ್ನೋಕೆ 'ಪಾಸ್ ಔಟ್' ಅನ್ಬೇಡಿ, ಅಲ್ಲಿ ಅದಕ್ಕೆ ಪ್ರಜ್ಞೆ ತಪ್ಪೋದು ಅಂತ ಅರ್ಥ, 'ಐ ಗ್ರ್ಯಾಜುಯೇಟೆಡ್' ಅನ್ನಿ.