ಕೊಟ್ಟಿಗೆ ಮಾಡಿನ ಮೇಲೆ ಒಂದು ಸೋಲಾರ್ ಪ್ಯಾನೆಲ್

ಮೃಗಶಿರಾ ಮಳೆ ಹಿಡಿದ ನಾಲ್ಕನೆಯ ದಿನ ಅಮ್ಮ ಹಾಲು ಕರೆದು ಬಂದವಳು ಚೊಂಬನ್ನು ಜಗಲಿಯ ಮೇಲಿಟ್ಟು, "ಅಟ್ಟದ ಹುಲ್ಲಿನೊಳಗೆ ಕೈ ಹಾಕಿ ನೋಡು, ಬಿಸಿಯಾಗಿದೆ" ಎಂದಳು. ಹೋಗಿ ಕೈ ತೂರಿಸಿದೆ. ಮೇಲಿನ ಪದರ ತಣ್ಣಗಿತ್ತು. ಒಂದು ಮೊಳ ಒಳಗೆ ಕೈ ಇಡಲಾಗದಷ್ಟು ಕಾವು, ಹುಳಿತ ವಾಸನೆ. ಒದ್ದೆಯಾದ ಹುಲ್ಲು ಒಳಗೊಳಗೇ ಬೇಯುತ್ತಿತ್ತು. ತಲೆಯೆತ್ತಿದರೆ ಶೀಟಿನಿಂದ ಕೆಳಗಿಳಿದಿದ್ದ ಬೋಲ್ಟಿನ ತುದಿಯಲ್ಲಿ ಒಂದು ಹನಿ ದಪ್ಪವಾಗುತ್ತಾ, ಕಳಚಿ ಬೀಳುತ್ತಾ, ಮತ್ತೆ ದಪ್ಪವಾಗುತ್ತಾ ಇತ್ತು. ಎರಡು ತಿಂಗಳ ಹಿಂದೆ ಪ್ಯಾನೆಲ್ ಕೂರಿಸಲು ಹಾಕಿಸಿದ ಬೋಲ್ಟು ಅದು.

ಬೆಳಗಿನ ಐದು ಗಂಟೆಗೆ ಹಾಲು ಕರೆಯುವ ಹೊತ್ತಿಗೆ ಕರೆಂಟ್ ಇರುವುದಿಲ್ಲ ಎಂಬ ಒಂದೇ ಕಾರಣಕ್ಕೆ ನಾನು 160 ವ್ಯಾಟ್‌ನ ಪ್ಯಾನೆಲ್ ತಂದಿದ್ದೆ. ಜೊತೆಗೆ 12 ವೋಲ್ಟ್, 100 ಆಂಪಿಯರ್-ಗಂಟೆಯ ಬ್ಯಾಟರಿ, ಬ್ಯಾಟರಿ ತುಂಬುವುದನ್ನು ಹಿಡಿತದಲ್ಲಿಡುವ ಒಂದು ಸಾಮಾನ್ಯ ಚಾರ್ಜ್ ಕಂಟ್ರೋಲರ್, 9 ವ್ಯಾಟ್‌ನ ನಾಲ್ಕು ಎಲ್‌ಇಡಿ ಬಲ್ಬು. ಅಂಗಡಿಯಿಂದ ಬಂದ ಇಬ್ಬರು ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಸಿ ಹೋಗಿದ್ದರು. ಮುಕ್ಕೋನದ ಕಬ್ಬಿಣದ ಸ್ಟ್ಯಾಂಡು, ಅದರ ಕಾಲುಗಳಿಗೆ ಶೀಟಿನ ತಗ್ಗಿನಲ್ಲಿ ತೂತು, ಸುತ್ತ ಸಿಲಿಕಾನ್. ತಗ್ಗಿನಲ್ಲಿ ಕೊರೆಯುವುದು ಸುಲಭ ನಿಜ, ಶೀಟು ಕೆಳಗಿನ ಅಡ್ಡಪೈಪಿಗೆ ತಾಗಿಕೊಂಡಿರುವುದು ಅಲ್ಲಿಯೇ. ಆದರೆ ಮಾಡಿನ ನೀರೆಲ್ಲ ಹರಿದು ಬರುವುದೂ ಅಲ್ಲಿಯೇ. ಸಾಲದ್ದಕ್ಕೆ ಮಾಡಿನಿಂದ ಮೇಲೆದ್ದು ನಿಂತಿದ್ದ ಪ್ಯಾನೆಲ್ ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಗಾಳಿಗೆ ಹಾಯಿಯಂತೆ ಒಡ್ಡಿಕೊಂಡಿತ್ತು. ಬೋಲ್ಟುಗಳು ಅಲುಗಾಡಿ ತೂತುಗಳು ಅಗಲವಾಗಿ, ಸಿಲಿಕಾನ್ ಬಿರುಕುಬಿಟ್ಟಿತ್ತು. ಮಲೆನಾಡಿನಲ್ಲಿ ಪ್ಯಾನೆಲ್ಲನ್ನು ಬಿಸಿಲಿಗಾಗಿ ಕೂರಿಸುವ ಮೊದಲು ಮಳೆಗಾಳಿಗಾಗಿ ಕೂರಿಸಬೇಕು ಎಂದು ಅರಿವಾಗಲು ನಮ್ಮ ಅರ್ಧ ಅಟ್ಟದ ಹುಲ್ಲು ಗೊಬ್ಬರಗುಂಡಿ ಸೇರಬೇಕಾಯಿತು.

ಮಳೆ ಬಿಡುವು ಕೊಟ್ಟ ಒಂದು ಮಧ್ಯಾಹ್ನ ಎಲ್ಲವನ್ನೂ ಬಿಚ್ಚಿ ಇಳಿಸಿದೆ. ತೂತುಗಳಿಗೆ ಮತ್ತೆ ಸಿಲಿಕಾನ್ ಮೆತ್ತಲಿಲ್ಲ. ಅದೇ ನಮೂನೆಯ ಶೀಟಿನ ಉದ್ದ ತುಂಡೊಂದನ್ನು ತಂದು, ಮೇಲಿನ ಅಂಚನ್ನು ಮಾಡಿನ ನೆತ್ತಿಯ ಮುಚ್ಚಿಗೆಯಡಿ ತೂರಿಸಿ, ಉಬ್ಬಿಗೆ ಉಬ್ಬು ಕೂರುವಂತೆ ತೂತುಗಳ ಮೇಲೆ ಹೊದಿಸಿದೆ. ನೀರು ತುಂಡಿನ ಮೇಲೆಯೇ ಹರಿದು ಕೆಳಗಿಳಿಯುತ್ತದೆ, ತೂತಿನ ತಂಟೆಗೆ ಹೋಗುವುದಿಲ್ಲ. ಅಂಟು ಇಂದಲ್ಲ ನಾಳೆ ಸೋಲುತ್ತದೆ, ಒಂದರ ಮೇಲೊಂದು ಬೀಳುವ ಹೊದಿಕೆ ಸೋಲುವುದಿಲ್ಲ. ಹೆಂಚು ಹೊದಿಸುವವರ ಲೆಕ್ಕವೂ ಇದೇ.

ಮರಳಿ ಕೂರಿಸಲು ಅವಸರಪಡಲಿಲ್ಲ. ಮೊದಲು ನೆರಳು ನೋಡಬೇಕಿತ್ತು. ಕೊಟ್ಟಿಗೆಯ ಪೂರ್ವಕ್ಕೆ ಅಡಿಕೆ ತೋಟ, ನೈಋತ್ಯಕ್ಕೆ ಹಲಸಿನ ಮರ. ಸೂರ್ಯ ದಕ್ಷಿಣಕ್ಕೆ ವಾಲಿ ನೆರಳು ಬಹಳ ಉದ್ದವಾಗುವುದು ಡಿಸೆಂಬರಿನಲ್ಲಿ. ಆ ತಿಂಗಳ ನಾಲ್ಕಾರು ದಿನ ಬೆಳಿಗ್ಗೆ ಒಂಬತ್ತಕ್ಕೆ, ನಡುಮಧ್ಯಾಹ್ನಕ್ಕೆ, ಮೂರಕ್ಕೆ ಏಣಿ ಹತ್ತಿ ನೆರಳಿನ ಅಂಚನ್ನು ಸೀಮೆಸುಣ್ಣದಲ್ಲಿ ಶೀಟಿನ ಮೇಲೆ ಗುರುತು ಮಾಡಿದೆ. ಹಿಂದೆ ಪ್ಯಾನೆಲ್ ಇದ್ದ ಜಾಗಕ್ಕೆ ಎರಡೂವರೆಗೇ ಹಲಸಿನ ನೆರಳು ಬಂದುಬಿಡುತ್ತಿತ್ತು. ಮರದ ಕೊಂಬೆ ಕಡಿಯುವ ಮಾತಿಗೆ ಅಮ್ಮ ಒಪ್ಪಲಿಲ್ಲ, ನನಗೂ ಮನಸ್ಸಿರಲಿಲ್ಲ. ನಾಲ್ಕು ಅಡಿ ಪೂರ್ವಕ್ಕೆ ಸರಿದರೆ ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ ಬಿಸಿಲು ಪೂರ್ತಿ ಸಿಗುತ್ತದೆ ಎಂದು ಸುಣ್ಣದ ಗೆರೆಗಳೇ ಹೇಳಿದವು.

ಇಳಿಜಾರನ್ನೂ ಅಳೆದೆ. ಒಂದು ಮೀಟರ್ ಉದ್ದದ ಪಟ್ಟಿಯ ಒಂದು ತುದಿಯನ್ನು ಮಾಡಿಗೆ ತಾಗಿಸಿ, ರಸಮಟ್ಟ ಇಟ್ಟು ನೇರ ಹಿಡಿದಾಗ ಇನ್ನೊಂದು ತುದಿಗೂ ಮಾಡಿಗೂ 25 ಸೆಂಟಿಮೀಟರ್ ಅಂತರ ಬಂತು. ಅಂದರೆ 14 ಡಿಗ್ರಿ. ಪ್ಯಾನೆಲ್ ದಕ್ಷಿಣಕ್ಕೆ ಮುಖಮಾಡಿ, ಹೆಚ್ಚುಕಡಿಮೆ ಊರಿನ ಅಕ್ಷಾಂಶದಷ್ಟೇ ವಾಲಿರಬೇಕು. ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರದ ಅಕ್ಷಾಂಶವೂ ಸುಮಾರು 14 ಡಿಗ್ರಿಯೇ, ಮಾಡಿನ ಮುಖವೂ ದಕ್ಷಿಣಕ್ಕೆ. ಮುಕ್ಕೋನದ ಸ್ಟ್ಯಾಂಡು ಬೇಕಾಗಿಯೇ ಇರಲಿಲ್ಲ! ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಆದರೆ ಅದರಲ್ಲಿ ಹೆಚ್ಚಿನ ಕಾಲ ಮೋಡವೇ. ಬಿಸಿಲು ಗಟ್ಟಿಯಾಗಿ ಸಿಗುವ ಚಳಿಗಾಲಕ್ಕೆ ಈ ವಾಲು ಸರಿಯಾಗಿದೆ.

ಸಂಕ್ರಾಂತಿ ಕಳೆದ ಮೇಲೆ ಕೆಲಸ ಶುರುಮಾಡಿದೆ. ಶೀಟಿನ ಹಳೆಯ ಸ್ಕ್ರೂಗಳ ಸಾಲು ನೋಡಿದರೆ ಅಡಿಯಲ್ಲಿ ಅಡ್ಡಪೈಪು ಎಲ್ಲಿದೆ ಎಂದು ತಿಳಿಯುತ್ತದೆ. ಆ ಸಾಲಿನ ಮೇಲೆಯೇ, ಪ್ರತಿ ಬಾರಿಯೂ ಉಬ್ಬಿನ ನೆತ್ತಿಯಲ್ಲಿ, ಕೊರೆದೆ. ಉಬ್ಬಿನ ಕೆಳಗೆ ಟೊಳ್ಳು ಇರುವುದರಿಂದ ಸ್ಕ್ರೂ ಉದ್ದವಿರಬೇಕು, ಬಿಗಿಯುವಾಗ ಕೈ ಹಗುರವಿರಬೇಕು. ವಾಷರಿನ ರಬ್ಬರು ಲೋಹದ ಅಂಚಿನಾಚೆ ಕೂದಲೆಳೆಯಷ್ಟು ಹೊರಗೆ ಕಂಡರೆ ಸಾಕು. ಇನ್ನೂ ತಿರುಗಿಸಿದರೆ ಉಬ್ಬು ಅಮುಕಿ ರಬ್ಬರು ಹರಿಯುತ್ತದೆ. ಆ ಎಂಟು ಸ್ಕ್ರೂಗಳಿಗೆ ನಾನು ಪೂರ್ತಿ ಒಂದು ಬೆಳಗ್ಗೆ ಕೊಟ್ಟೆ. ಅವುಗಳ ಮೇಲೆ ಎಲ್ ಕ್ಲಾಂಪು, ಎರಡು ಅಲ್ಯೂಮಿನಿಯಂ ಪಟ್ಟಿ, ಪಟ್ಟಿಗಳ ಮೇಲೆ ಮಾಡಿಗೆ ಸಮಾನಾಂತರವಾಗಿ ಪ್ಯಾನೆಲ್. ಶೀಟಿಗೂ ಪ್ಯಾನೆಲ್ಲಿಗೂ ನಡುವೆ ನಾಲ್ಕು ಇಂಚು ಬಿಟ್ಟೆ, ಕೆಳಗೆ ಗಾಳಿಯಾಡದಿದ್ದರೆ ಪ್ಯಾನೆಲ್ ಕಾದು ವೋಲ್ಟೇಜ್ ಇಳಿಯುತ್ತದೆ. ಗಾಳಿಯ ಎಳೆತ ಹೆಚ್ಚಿರುವುದು ಮಾಡಿನ ಅಂಚಿನಲ್ಲಿ ಮತ್ತು ನೆತ್ತಿಯಲ್ಲಿ, ಹಾಗಾಗಿ ಎರಡರಿಂದಲೂ ಒಂದಡಿಗಿಂತ ಹೆಚ್ಚು ದೂರ ಇಟ್ಟೆ. ಬೋಲ್ಟು ನಟ್ಟುಗಳೆಲ್ಲ ಸ್ಟೇನ್‌ಲೆಸ್ ಸ್ಟೀಲಿನವು. ಪ್ಯಾನೆಲ್ಲಿನ ಚೌಕಟ್ಟಿಗೆ ಹೊಸ ತೂತು ಕೊರೆಯಲಿಲ್ಲ, ತಯಾರಕರು ಕೊಟ್ಟ ತೂತುಗಳೇ ಸಾಕು.

ಇಷ್ಟಾದ ಮೇಲೂ ಬ್ಯಾಟರಿ ಪೂರ್ತಿ ತುಂಬುತ್ತಿರಲಿಲ್ಲ. ಮೂರು ದಿನ ತಲೆಕೆಡಿಸಿಕೊಂಡು ಕೊನೆಗೆ ಮೀಟರ್ ಹಿಡಿದು ಎರಡೂ ತುದಿಯಲ್ಲಿ ಅಳೆದೆ. ಸುಡುಬಿಸಿಲಿನಲ್ಲಿ 8 ಆಂಪಿಯರ್ ಹರಿಯುತ್ತಿದ್ದಾಗ ಪ್ಯಾನೆಲ್ಲಿನ ಬಳಿ 15.7 ವೋಲ್ಟ್, ಜಗಲಿಯಲ್ಲಿರುವ ಕಂಟ್ರೋಲರ್ ಬಳಿ 13.2. ನಡುವಿನ ಎರಡೂವರೆ ವೋಲ್ಟ್ ತಂತಿಯಲ್ಲೇ ಕರಗುತ್ತಿತ್ತು. ಮೊದಲು ಬಂದವರು ಮನೆಯ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರ್ ತಂತಿ ಎಳೆದಿದ್ದರು, ನಾನೂ ಅದನ್ನೇ ಉಳಿಸಿಕೊಂಡಿದ್ದೆ. ದೂರ 12 ಮೀಟರ್, ಹೋಗಿಬರುವ ದಾರಿ ಸೇರಿ 24. 12 ವೋಲ್ಟಿನ ವ್ಯವಸ್ಥೆಯಲ್ಲಿ ಎರಡೂವರೆ ವೋಲ್ಟ್ ಸಣ್ಣ ಮಾತಲ್ಲ, ಬ್ಯಾಟರಿ 14.4ಕ್ಕೆ ಏರದೆ ತುಂಬುವುದಿಲ್ಲ. 4 ಚದರ ಮಿಲಿಮೀಟರಿನ ಸೋಲಾರ್ ಕೇಬಲ್ ಎಳೆದೆ, ನಷ್ಟ ಒಂದು ವೋಲ್ಟಿನೊಳಗೆ ಬಂತು. ಕೇಬಲ್ ಗೋಡೆಯೊಳಗೆ ಹೋಗುವ ಮೊದಲು ಒಂದು ಜೋಲು ಬಿಟ್ಟಿದ್ದೇನೆ, ಅದರ ಗುಂಟ ಬಂದ ನೀರು ಅಲ್ಲಿಯೇ ತೊಟ್ಟಿಕ್ಕಿಬಿಡುತ್ತದೆ. ಇಲಿ, ಅಳಿಲುಗಳಿಗಾಗಿ ಉಳಿದ ಭಾಗಕ್ಕೆಲ್ಲ ಪೈಪು.

ಬ್ಯಾಟರಿ, ಕಂಟ್ರೋಲರ್ ಎರಡನ್ನೂ ಕೊಟ್ಟಿಗೆಯಲ್ಲಿಡಬಾರದು. ಗಂಜಲದ ಆವಿಯಲ್ಲಿರುವ ಅಮೋನಿಯಾ ತಾಮ್ರವನ್ನು ಹಸಿರುಗಟ್ಟಿಸುತ್ತದೆ. ಜೋಡಿಸುವಾಗ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಅದೂ ಪ್ಯಾನೆಲ್ಲಿನ ಮೇಲೆ ದಪ್ಪ ಕಂಬಳಿ ಹೊದಿಸಿಕೊಂಡು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು, ಚೌಕಟ್ಟಿಗೆ ಅರ್ಥಿಂಗ್.

ಫೆಬ್ರವರಿಯ ಒಂದು ಮಧ್ಯಾಹ್ನ 7 ಆಂಪಿಯರಿಗಿಂತ ಹೆಚ್ಚು ತೋರಿಸುತ್ತಿದ್ದ ಕಂಟ್ರೋಲರ್ ಒಮ್ಮೆಲೇ ಒಂದಕ್ಕಿಂತ ಕೆಳಗೆ ಬಿತ್ತು. ಮೋಡವಿರಲಿಲ್ಲ. ಹೋಗಿ ನೋಡಿದರೆ ಗಾಳಿಗೆ ಹಾರಿ ಬಂದ ಒಂದು ಅಡಿಕೆ ಹಾಳೆ ಪ್ಯಾನೆಲ್ಲಿನ ಮೂಲೆಯಲ್ಲಿ ಮಲಗಿತ್ತು. ಬಿಸಿಲನ್ನು ವಿದ್ಯುತ್ತಾಗಿಸುವ ಕೋಶಗಳಲ್ಲಿ ಮುಚ್ಚಿದ್ದು ಎರಡನ್ನು ಮಾತ್ರ! ಪ್ಯಾನೆಲ್ಲಿನ 36 ಕೋಶಗಳು ಒಂದೇ ಸರಪಳಿ, ಅದರಲ್ಲಿ ಹದಿನೆಂಟು ಹದಿನೆಂಟರ ಎರಡು ಅರ್ಧ. ಒಂದು ಮುಚ್ಚಿದರೂ ಆ ಅರ್ಧ ಸರಪಳಿ ಕೆಲಸ ಬಿಡುತ್ತದೆ, ಉಳಿದರ್ಧದ ಒಂಬತ್ತು ವೋಲ್ಟಿಗೆ 12 ವೋಲ್ಟಿನ ಬ್ಯಾಟರಿ ಬಾಗಿಲು ತೆರೆಯುವುದಿಲ್ಲ. ಅಂದಿನಿಂದ ಅಂಗಳ ದಾಟುವಾಗಲೆಲ್ಲ ಕಣ್ಣು ಮಾಡಿನ ಕಡೆ ಹೋಗುತ್ತದೆ. ಬಿದಿರಿನ ಗಳುವಿಗೆ ಬಟ್ಟೆ ಸುತ್ತಿ ಗೋಡೆಗೆ ಒರಗಿಸಿಟ್ಟಿದ್ದೇನೆ.

ಬೇಸಿಗೆಯಲ್ಲಿ ದಿನಕ್ಕೆ 40 ಆಂಪಿಯರ್-ಗಂಟೆ ಬರುತ್ತದೆ, ನಾಲ್ಕು ಬಲ್ಬು ಬೆಳಿಗ್ಗೆ ಸಂಜೆ ಮೂರು ಮೂರು ಗಂಟೆ ಉರಿಯಲು ಬೇಕಾದದ್ದು 18. ಪುನರ್ವಸು, ಪುಷ್ಯ ಮಳೆಗಳಲ್ಲಿ ಎಂಟು ಬಂದರೆ ಹೆಚ್ಚು. ಆಗ ಎರಡೇ ಬಲ್ಬು ಹಾಕುತ್ತೇವೆ, ಒಂದು ಕರೆಯುವ ಹಸುವಿನ ಬಳಿ, ಒಂದು ಬಾಗಿಲ ಬಳಿ. ಅಮ್ಮ ಈಗಲೂ ಮಳೆಗಾಲದಲ್ಲಿ ಹಾಲು ಕರೆದು ಏಳುವಾಗ ಒಮ್ಮೆ ಅಟ್ಟದ ಹುಲ್ಲಿನೊಳಗೆ ಕೈ ಹಾಕಿ ನೋಡುತ್ತಾಳೆ. ಮೂರು ಮಳೆಗಾಲ ಕಳೆದಿದೆ, ಹುಲ್ಲು ತಣ್ಣಗಿದೆ. ಎಂಟರಲ್ಲಿ ಎರಡು ವಾಷರುಗಳ ರಬ್ಬರು ಬಿಸಿಲಿಗೆ ಗಡುಸಾಗಿರುವುದನ್ನು ಕಳೆದ ವಾರ ಕಂಡೆ, ಹೊಸವನ್ನು ತಂದಿಟ್ಟಿದ್ದೇನೆ. ದೀಪಾವಳಿಗೆ ಮಾಡು ಒಣಗಿದ ಮೇಲೆ ಬದಲಿಸಬೇಕು.