ಎರಡೂವರೆ ಅಡಿಯ ಕಡಲಿಗೆ ಐದು ಮೀನು

ಉಪ್ಪುನೀರಿನ ಟ್ಯಾಂಕಿಗೆ ನಾನು ಮೊದಲು ತಂದದ್ದು ಡಾಮಿನೋ ಡ್ಯಾಮ್ಸೆಲ್. ಕಪ್ಪು ಮೈ, ಹಣೆ ಮೇಲೊಂದು ಬಿಳಿ ಚುಕ್ಕೆ, ಎರಡೂ ಪಕ್ಕಕ್ಕೆ ಒಂದೊಂದು. ಆಗ ಅದು ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದಿತ್ತು ಅಷ್ಟೇ. "ಗಟ್ಟಿ ಮೀನು, ಹೊಸ ಟ್ಯಾಂಕಿಗೆ ಇದೇ ಸರಿ" ಅಂತ ಅಂಗಡಿಯವರು ಹೇಳಿದರು. ಗಟ್ಟಿ ಅನ್ನುವುದು ನಿಜವೇ. ತಿಂಗಳೊಳಗೆ ಇಡೀ ಟ್ಯಾಂಕ್ ತನ್ನದೇ ಅಂತ ಅದು ತೀರ್ಮಾನ ಮಾಡಿಬಿಟ್ಟಿತ್ತು.

ಆಮೇಲೆ ಬೆಂಗಳೂರಿನಿಂದ ಒಂದು ಫೈರ್‌ಫಿಶ್ ತರಿಸಿದೆ. ಮುಂಭಾಗ ಬಿಳಿ, ಬಾಲದ ಕಡೆ ಬೆಂಕಿ ಬಣ್ಣ, ಬೆನ್ನ ಮೇಲೆ ಬಾವುಟದ ಕಡ್ಡಿಯಂಥ ಉದ್ದ ರೆಕ್ಕೆ. ಬಹಳ ಸಾಧು ಮೀನು. ರಾತ್ರಿ ರೈಲಿನಲ್ಲಿ ಥರ್ಮೋಕೋಲ್ ಡಬ್ಬಿಯೊಳಗೆ ಬಂದರೂ ಚೆನ್ನಾಗಿಯೇ ಇತ್ತು. ಮೂರನೇ ದಿನ ಬೆಳಿಗ್ಗೆ ನೋಡಿದರೆ ಹೀಟರ್ ಹಿಂದಿನ ಸಂದಿಯಲ್ಲಿ ನಿಂತಿದೆ. ಆ ಉದ್ದ ರೆಕ್ಕೆ ಅರ್ಧ ಇಲ್ಲ, ಬಾಲ ಹರಿದಿದೆ. ಊಟ ಹಾಕಿದರೆ ಒಂದು ಚೂರು ಹೊರಗೆ ಬರುತ್ತದೆ, ಡಾಮಿನೋ ಬಾಣದ ಹಾಗೆ ನುಗ್ಗುತ್ತದೆ, ಮತ್ತೆ ಇದು ಒಳಗೆ. ಸಂಜೆ ಹೊತ್ತಿಗೆ ಫೈರ್‌ಫಿಶ್ ಸತ್ತಿತ್ತು. ಆ ಸಾವಿಗೆ ನಾನೇ ಕಾರಣ. ಮೀನು ಆರಿಸುವುದನ್ನು ನಾನು ಸರಿಯಾಗಿ ಕಲಿಯಲು ಶುರು ಮಾಡಿದ್ದು ಆ ಸಂಜೆಯಿಂದಲೇ.

ಡಾಮಿನೋವನ್ನು ಹಿಡಿಯಲು ಒಂದು ಇಡೀ ಭಾನುವಾರ ಬೇಕಾಯಿತು. ಬಲೆ ಕಂಡ ಕೂಡಲೇ ಕಲ್ಲಿನ ಸಂದಿಗೆ ಸೇರಿಕೊಳ್ಳುತ್ತಿತ್ತು. ಕೊನೆಗೆ ಕಲ್ಲುಗಳನ್ನೆಲ್ಲ ಒಂದೊಂದಾಗಿ ಎತ್ತಿ ಉಪ್ಪುನೀರು ತುಂಬಿದ ಬಕೆಟ್ಟಿಗೆ ಹಾಕಿದೆ. ನೀರನ್ನು ಒಂದು ಗೇಣಿಗೆ ಇಳಿಸಿದೆ. ಆಗ ಸಿಕ್ಕಿತು. ಅಂಗಡಿಗೇ ವಾಪಸ್ ಕೊಟ್ಟು ಬಂದೆ. ಈ ಜಾತಿ ಬೆಳೆದರೆ ಐದು ಇಂಚಿನ ಹತ್ತಿರ ಹೋಗುತ್ತದೆ. ಬೆಳೆದಷ್ಟೂ ಜಗಳ ಜಾಸ್ತಿ.

ನನ್ನ ಟ್ಯಾಂಕ್ ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕಲ್ಲು, ಮರಳು ಕಳೆದರೆ ಸುಮಾರು 125 ಲೀಟರ್ ನೀರು. ಶಿವಮೊಗ್ಗದ ನಮ್ಮ ಮನೆಯ ಹಾಲಿನಲ್ಲಿ, ಬಿಸಿಲು ಬೀಳದ ಗೋಡೆಗೆ ಇಟ್ಟಿದ್ದೇನೆ. ಅಮ್ಮನ ತವರು ತೀರ್ಥಹಳ್ಳಿ ಕಡೆ. "ತುಂಗೆ ಪಕ್ಕದಲ್ಲೇ ಇದ್ದುಕೊಂಡು ಸಮುದ್ರದ ಮೀನು ಎಂತಕ್ಕೋ ನಿಂಗೆ?" ಅಂತ ಈಗಲೂ ಕೇಳುತ್ತಾರೆ. ಚಿಕ್ಕವನಿದ್ದಾಗ ಚಿಪ್ಪಲಗುಡ್ಡೆ ಮತ್ಸ್ಯಧಾಮಕ್ಕೆ ಕರೆದುಕೊಂಡು ಹೋಗುತ್ತಿದ್ದವರೂ ಅವರೇ. ಅಲ್ಲಿ ಮಂಡಕ್ಕಿ ಎಸೆದರೆ ದೊಡ್ಡ ಮೀನುಗಳು ಮುಂದೆ ನುಗ್ಗುತ್ತವೆ, ಸಣ್ಣವು ಅಂಚಿಗೆ ಸರಿದು ಸಿಕ್ಕಿದ್ದನ್ನು ತಿನ್ನುತ್ತವೆ. ಹೊಳೆಯಲ್ಲಿ ಸರಿಯಲು ಜಾಗ ಇದೆ. ಎರಡೂವರೆ ಅಡಿ ಗಾಜಿನಲ್ಲಿ ಓಡಿ ಹೋಗುವುದಾದರೂ ಎಲ್ಲಿಗೆ?

ಹಾಗಾಗಿ ಮೀನಿನ ಪಟ್ಟಿ ಬರೆಯುವ ಮೊದಲು ಟ್ಯಾಂಕಿನ ಚಿತ್ರ ಬರೆದೆ. ತಳದ ಮರಳು, ಕಲ್ಲಿನ ಸಂದಿ, ಚಾಚಿದ ಕಲ್ಲಿನ ನೆರಳು, ನಡುವಿನ ಖಾಲಿ ನೀರು, ಮೇಲಿನ ಮೂಲೆ. ಒಂದೊಂದು ಜಾಗಕ್ಕೆ ಒಬ್ಬೊಬ್ಬರು. ಒಂದೇ ಜಾಗ ಬೇಕೆನ್ನುವ ಎರಡು ಮೀನು ತರಬಾರದು. ಒಂದೇ ಆಕಾರ, ಒಂದೇ ಬಣ್ಣ, ಒಂದೇ ಆಹಾರದ ಮೀನುಗಳೂ ಸಾಮಾನ್ಯವಾಗಿ ಒಂದನ್ನೊಂದು ಸಹಿಸುವುದಿಲ್ಲ. ನಮ್ಮಲ್ಲಿ ಗದ್ದೆ ಬದುವಿನ ಜಗಳ ಅಕ್ಕಪಕ್ಕದವರ ನಡುವೆಯೇ ಬರುವುದು, ಅಲ್ವಾ? ಇದೂ ಹಾಗೆಯೇ.

ಎಷ್ಟು ಮೀನು ಅನ್ನುವುದನ್ನು ತೀರ್ಮಾನಿಸಿದ್ದು ನಮ್ಮ ಮಳೆಗಾಲ. ಜುಲೈನಲ್ಲಿ ಗಾಳಿಮಳೆಗೆ ಎಲ್ಲೋ ಮರ ಬಿದ್ದರೆ ಕರೆಂಟ್ ಆರೇಳು ಗಂಟೆ ಬರುವುದಿಲ್ಲ. ಪಂಪ್ ನಿಂತರೆ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ. ಉಪ್ಪುನೀರು ಮೊದಲೇ ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಹಿಡಿಯುತ್ತದೆ. ಎಂಟು ಮೀನು ಇಟ್ಟವರನ್ನೂ ನೋಡಿದ್ದೇನೆ. ನಾನು ಐದಕ್ಕೆ ನಿಲ್ಲಿಸಿದೆ. ಬ್ಯಾಟರಿಯ ಏರ್ ಪಂಪ್ ಒಂದನ್ನು ಟ್ಯಾಂಕಿನ ಪಕ್ಕವೇ ಮೊಳೆಗೆ ನೇತುಹಾಕಿದ್ದೇನೆ.

ಡಾಮಿನೋ ಹೋದ ಮೇಲೆ ಎರಡನೇ ಸಲ ಟ್ಯಾಂಕ್ ಹದ ಮಾಡುವಾಗ, ಅಂದರೆ ಕೊಳೆಯಿಂದ ಬರುವ ವಿಷವನ್ನು ಅರಗಿಸುವ ಬ್ಯಾಕ್ಟೀರಿಯಾ ಬೆಳೆಸುವಾಗ, ಮೀನನ್ನೇ ಬಿಡಲಿಲ್ಲ. ಒಂದು ಸಿಗಡಿ ಚೂರು ಹಾಕಿ ಕೊಳೆಯಲು ಬಿಟ್ಟೆ. ಅಮೋನಿಯಾ ಏರಿತು, ಇಳಿಯಿತು. ಆಮೇಲೆ ನೈಟ್ರೈಟ್ ಏರಿತು, ಅದೂ ಇಳಿಯಿತು. ಐದು ವಾರ ಹಿಡಿಯಿತು. ಎರಡೂ ಸೊನ್ನೆ ತೋರಿಸಿದ ಮೇಲೆಯೇ ಮೀನಿನ ಮಾತು. ಮಲ್ಪೆಯಿಂದ ಕಡಲ ನೀರು ತಂದರಾಯಿತು ಅಂತ ಗೆಳೆಯ ಹೇಳಿದ. ದಡದ ನೀರನ್ನು ನಂಬುವುದು ಕಷ್ಟ, ಮಳೆಗಾಲದಲ್ಲಂತೂ ಹೊಳೆಗಳ ಕೆಸರುನೀರು ಸೇರಿ ಉಪ್ಪೇ ತೆಳುವಾಗಿರುತ್ತದೆ. ನಾನು ಆರ್‌ಒ ನೀರಿಗೆ ಮರೈನ್ ಸಾಲ್ಟ್ ಬೆರೆಸುತ್ತೇನೆ, ಲೀಟರಿಗೆ ಸುಮಾರು 35 ಗ್ರಾಂ. ಅಡುಗೆ ಉಪ್ಪು ನಡೆಯುವುದಿಲ್ಲ. ಅದರಲ್ಲಿ ಮೀನಿಗೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 1.025 ಬಂದರೆ ಸರಿ.

ಈಗ ಮೀನು ತಂದ ಕ್ರಮ. ಸಾಧುಗಳು ಮೊದಲು, ಜೋರಿನವರು ಕೊನೆಗೆ. ಮೊದಲು ಬಂದವರಿಗೆ ಜಾಗ ಗುರುತಾಗಿರುತ್ತದೆ, ಧೈರ್ಯ ಇರುತ್ತದೆ.

ಮತ್ತೆ ಫೈರ್‌ಫಿಶ್ಶನ್ನೇ ಮೊದಲು ತಂದೆ, ಒಂದೇ ಒಂದು. ಎರಡು ತಂದರೆ ಅವು ಜೋಡಿಯಾಗದಿದ್ದಲ್ಲಿ ಒಂದು ಉಳಿಯುವುದಿಲ್ಲ. ಅದು ನಡುನೀರಿನಲ್ಲಿ ಅಲೆಗೆ ಮುಖ ಕೊಟ್ಟು ನಿಲ್ಲುತ್ತದೆ. ಹೆದರಿದರೆ ಹಾರುತ್ತದೆ, ಟ್ಯಾಂಕಿನ ಹೊರಗೇ ಬೀಳುತ್ತದೆ. ನಾವು ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯನ್ನು ಅಲ್ಯೂಮಿನಿಯಂ ಚೌಕಟ್ಟಿಗೆ ಬಿಗಿದು ಮುಚ್ಚಳ ಮಾಡಿಸಿದೆ. ಗಾಜು ಮುಚ್ಚಿದರೆ ಗಾಳಿ ಆಡುವುದಿಲ್ಲ, ಬೇಸಿಗೆಯಲ್ಲಿ ನೀರು ಕಾಯುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಟ್ಯಾಂಕ್ 30 ಡಿಗ್ರಿ ದಾಟಿತ್ತು. ಜಾಲರಿ ಮೇಲೆ ಸಣ್ಣ ಫ್ಯಾನ್ ಇಟ್ಟ ಮೇಲೆ 27ಕ್ಕೆ ಇಳಿಯಿತು. ಆದರೆ ನೀರು ಬೇಗ ಆರುತ್ತದೆ, ಉಪ್ಪು ಆರುವುದಿಲ್ಲ. ಹಾಗಾಗಿ ಕಡಿಮೆಯಾದಷ್ಟಕ್ಕೆ ಬರೀ ಆರ್‌ಒ ನೀರು ಸೇರಿಸಬೇಕು.

ಎರಡನೆಯದು ಹಳದಿ ವಾಚ್‌ಮನ್ ಗೋಬಿ, ಜೊತೆಗೆ ಒಂದು ಪಿಸ್ತೂಲ್ ಸಿಗಡಿ. ಇವರಿಬ್ಬರ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಕಾಗುವುದಿಲ್ಲ. ಸಿಗಡಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ, ಆದರೆ ಬಿಲ ತೋಡುವುದರಲ್ಲಿ ಗಟ್ಟಿಗ. ಗೋಬಿಗೆ ಬಿಲ ತೋಡಲು ಬಾರದು, ಕಣ್ಣು ಚುರುಕು. ಬಿಡುವಾಗ ಗೋಬಿ ಎಡಕ್ಕೆ ಹೋಯಿತು, ಸಿಗಡಿ ಬಲಗಡೆ ಕಲ್ಲಿನಡಿ ಮಾಯವಾಯಿತು. ಒಂಬತ್ತು ದಿನ ಒಂದರ ಸುಳಿವು ಇನ್ನೊಂದಕ್ಕಿಲ್ಲ. ಹತ್ತನೇ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತಿದ್ದೆ. ಗೋಬಿ ಬಿಲದ ಬಾಯಲ್ಲಿ ಕಾವಲಿಗೆ ಕೂತಿದೆ. ಒಳಗಿನಿಂದ ಸಿಗಡಿ ಬುಲ್ಡೋಜರಿನ ಹಾಗೆ ಮರಳನ್ನು ತಳ್ಳಿಕೊಂಡು ಬಂತು, ಹೊರಗೆ ಸುರಿಯಿತು, ಮತ್ತೆ ಒಳಗೆ ಹೋಯಿತು. ಹೊರಗಿದ್ದಷ್ಟು ಹೊತ್ತೂ ಅದರ ಒಂದು ಮೀಸೆ ಗೋಬಿಯ ಮೈಮೇಲೇ ಇತ್ತು. ನಾನು ಸ್ವಲ್ಪ ಮುಂದೆ ಬಾಗಿದೆ. ಗೋಬಿ ಬಾಲವನ್ನು ಒಮ್ಮೆ ಸಣ್ಣಗೆ ಅದುರಿಸಿತು, ಅಷ್ಟೇ. ಸಿಗಡಿ ಒಳಗೆ ಹೋಗಿಯಾಗಿತ್ತು. ಕಾಫಿ ಆರಿದ್ದೇ ಗೊತ್ತಾಗಲಿಲ್ಲ.

ಒಂದು ಎಚ್ಚರಿಕೆ. ಕಲ್ಲನ್ನು ಮರಳ ಮೇಲೆ ಇಡಬೇಡಿ. ಮೊದಲು ಕಲ್ಲನ್ನು ತಳದ ಗಾಜಿಗೆ ಕೂರಿಸಿ, ಆಮೇಲೆ ಸುತ್ತ ಮರಳು ಹಾಕಿ. ಇಲ್ಲದಿದ್ದರೆ ಸಿಗಡಿ ಅಡಿಯಲ್ಲಿ ತೋಡಿ ತೋಡಿ ಕಲ್ಲು ಕುಸಿಯುತ್ತದೆ.

ಮೂರನೆಯದು ಪಜಾಮ ಕಾರ್ಡಿನಲ್. ಹಗಲೆಲ್ಲ ಚಾಚಿದ ಕಲ್ಲಿನ ನೆರಳಿನಲ್ಲಿ ಸುಮ್ನೆ ನಿಂತಿರುತ್ತದೆ, ಕತ್ತಲಾದ ಮೇಲೆ ಓಡಾಡುತ್ತದೆ. ಯಾರ ತಂಟೆಗೂ ಹೋಗುವುದಿಲ್ಲ.

ಕೊನೆಗೆ ಕ್ಲೌನ್ ಮೀನು ಎರಡು. ಆಸಿಲ್ಲಾರಿಸ್ ಜಾತಿ, ಹ್ಯಾಚರಿಯಲ್ಲಿ ಬೆಳೆದವು. ಕ್ಲೌನ್ ಮೀನಿನ ಮರಿ ಮಾಡಿಸುವುದು ನಮ್ಮ ದೇಶದಲ್ಲೇ ಆಗುತ್ತಿದೆ, ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಅದರಲ್ಲಿ ಬಹಳ ಕೆಲಸ ಮಾಡಿದ್ದಾರೆ. ಹ್ಯಾಚರಿ ಮೀನು ಕಾಳು ಆಹಾರಕ್ಕೆ ಒಗ್ಗಿರುತ್ತದೆ, ಟ್ಯಾಂಕಿಗೆ ಬೇಗ ಹೊಂದಿಕೊಳ್ಳುತ್ತದೆ. ತರುವಾಗ ಒಂದು ದೊಡ್ಡದು, ಒಂದು ಸಣ್ಣದು ಆರಿಸಿದೆ. ಈ ಮೀನು ಹುಟ್ಟುವಾಗ ಎಲ್ಲವೂ ಗಂಡೇ, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಸಮಸಮ ಗಾತ್ರದವು ತಂದರೆ ಯಾರು ದೊಡ್ಡವರು ಅನ್ನುವುದೇ ಜಗಳ. ನಮ್ಮಲ್ಲಿ ಮೊದಲ ವಾರ ದೊಡ್ಡದು ಹತ್ತಿರ ಬಂದಾಗೆಲ್ಲ ಸಣ್ಣದು ಪಕ್ಕಕ್ಕೆ ವಾಲಿ ಮೈ ನಡುಗಿಸುತ್ತಿತ್ತು. ಕಾಯಿಲೆ ಇರಬೇಕು ಅಂತ ಹೆದರಿದ್ದೆ. ಅದು 'ನೀನೇ ದೊಡ್ಡವಳು' ಅಂತ ಒಪ್ಪಿಕೊಳ್ಳುವ ರೀತಿ. ಕಡಲಲ್ಲಿ ಇವು ಮನೆ ಮಾಡಿಕೊಳ್ಳುವ ಅನಿಮೋನ್ ಎಂಬ ಜೀವಿ ಇಲ್ಲದಿದ್ದರೂ ಟ್ಯಾಂಕಿನಲ್ಲಿ ಆರಾಮಾಗಿರುತ್ತವೆ.

ಹೊಸ ಮೀನು ಯಾವುದೇ ಬರಲಿ, ನಾಲ್ಕು ವಾರ ಬೇರೆ ಸಣ್ಣ ಟ್ಯಾಂಕಿನಲ್ಲಿಟ್ಟು ನೋಡುತ್ತೇನೆ. ಮೈಮೇಲೆ ಉಪ್ಪಿನ ಕಾಳಿನಂಥ ಬಿಳಿ ಚುಕ್ಕೆ ಕಂಡರೆ ಔಷಧಿ ಅಲ್ಲೇ ಆಗಬೇಕು. ತಾಮ್ರದ ಔಷಧಿ ದೊಡ್ಡ ಟ್ಯಾಂಕಿಗೆ ಬಿದ್ದರೆ ಸಿಗಡಿ ಸಾಯುತ್ತದೆ.

ಆಸೆಪಟ್ಟರೂ ತರದೆ ಬಿಟ್ಟ ಮೀನುಗಳೂ ಇವೆ. ನೀಲಿ ಟ್ಯಾಂಗ್ ಅಂಗಡಿಯಲ್ಲಿ ಎರಡು ಇಂಚು ಇರುತ್ತದೆ, ಬೆಳೆದರೆ ಅಡಿ ಹತ್ತಿರ ಹೋಗುತ್ತದೆ. ನಮ್ಮ ಟ್ಯಾಂಕಿನಲ್ಲಿ ಅದಕ್ಕೆ ತಿರುಗಲೂ ಜಾಗ ಸಾಲದು. ಲಯನ್‌ಫಿಶ್ ಬಾಯಿಗೆ ಹಿಡಿಸುವ ಮೀನನ್ನೆಲ್ಲ ನುಂಗುತ್ತದೆ. ಮ್ಯಾಂಡರಿನ್ ಮೀನು ಬೇಡ ಅಂತ ತೀರ್ಮಾನಿಸಿದಾಗ ಮನಸ್ಸಿಗೆ ಬೇಜಾರಾಯಿತು, ಅಷ್ಟು ಚಂದದ ಮೀನು ಇನ್ನೊಂದಿಲ್ಲ. ಆದರೆ ಅದು ದಿನವಿಡೀ ಕಲ್ಲಿನ ಮೇಲಿನ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿಗಳನ್ನು ಹೆಕ್ಕಿ ತಿನ್ನುವ ಮೀನು. ಸಣ್ಣ ಟ್ಯಾಂಕಿನಲ್ಲಿ ಅವು ಮುಗಿದುಹೋಗುತ್ತವೆ, ಮೀನು ಹಸಿವಿನಿಂದ ಸಾಯುತ್ತದೆ. ಕಡಲಕುದುರೆ, ಹವಳ, ಸಮುದ್ರ ಸೌತೆ ನಮ್ಮ ಕಡಲಿನಿಂದ ತೆಗೆದವಾದರೆ ಮುಟ್ಟಲೇಬಾರದು. 2001ರಿಂದ ಅವಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ನನ್ನ ಟ್ಯಾಂಕಿನಲ್ಲಿ ಇರುವುದು ಹವಳದ ಕಲ್ಲಲ್ಲ, ಸೆರಾಮಿಕ್ ಕಲ್ಲು.

ಈಗ ಎರಡು ವರ್ಷವಾಯಿತು. ಕಳೆದ ತಿಂಗಳು ಕ್ಲೌನ್ ಜೋಡಿ ಬಲಮೂಲೆಯ ಕಲ್ಲಿಗೆ ಕಿತ್ತಳೆ ಬಣ್ಣದ ಮೊಟ್ಟೆ ಅಂಟಿಸಿದೆ. ಅಂದಿನಿಂದ ಹೆಣ್ಣು ಬಲ ಅರ್ಧಕ್ಕೆ ಯಾರನ್ನೂ ಬಿಡುತ್ತಿಲ್ಲ, ಗಾಜು ಒರೆಸಲು ಕೈ ಹಾಕಿದರೆ ಕಚ್ಚುತ್ತದೆ. ಗೋಬಿಯ ಬಿಲ ಎಡಗಡೆ, ಫೈರ್‌ಫಿಶ್ ಎಡಕ್ಕೆ ಸರಿದುಕೊಂಡಿದೆ. ಕಾರ್ಡಿನಲ್ಲಿನ ನೆರಳಿನ ಜಾಗ ಮಾತ್ರ ಮೊಟ್ಟೆಯ ಪಕ್ಕದಲ್ಲೇ ಇತ್ತು. ನಾಲ್ಕು ದಿನ ಅದು ಬಯಲಿನಲ್ಲಿ ಬಣ್ಣ ಕಳೆದುಕೊಂಡು ನಿಂತಿತ್ತು. ಮೊನ್ನೆ ಎಡಗಡೆ ಒಂದು ಚಪ್ಪಟೆ ಕಲ್ಲನ್ನು ಚಾಚಿ ಇಟ್ಟೆ. ನಿನ್ನೆ ಬೆಳಿಗ್ಗೆಯಿಂದ ಅದರಡಿಯೇ ನಿಲ್ಲುತ್ತಿದೆ, ಊಟಕ್ಕೂ ಬರುತ್ತಿದೆ.