ಪ್ಲಾ ಸೋಮ್ ತಿನ್ನುವವರಿಗೆ ಒಂದು ಸಲಹೆ

ಥಾಯ್ಲೆಂಡ್‌ನಲ್ಲಿ ಇರುವವರು, ಪ್ರವಾಸ ಹೋಗುವವರು ಓದಿ. ಅಲ್ಲಿನ ಈಶಾನ್ಯ ಭಾಗದಲ್ಲಿ, ಅಂದರೆ ಈಸಾನ್ ಕಡೆ, ಪ್ಲಾ ಸೋಮ್ ಅಂತ ಹುಳಿ ಮೀನು ಸಿಗುತ್ತದೆ. ನಿಜಕ್ಕೂ ಒಳ್ಳೆಯ ತಿನಿಸು. ಮೀನಿಗೆ ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಅನ್ನ ಹಾಕಿ ಕಲಸಿ ಕೆಲವು ದಿನ ಮುಚ್ಚಿಡುತ್ತಾರೆ. ಅನ್ನ ಯಾಕೆ? ಮೀನಿನಲ್ಲಿ ಸಕ್ಕರೆ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಹುಳಿ ಬರಿಸುವ ಬ್ಯಾಕ್ಟೀರಿಯಾಗಳಿಗೆ ಈ ಅನ್ನ, ಬೆಳ್ಳುಳ್ಳಿಯೇ ಊಟ. ಅವು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ನಮ್ಮ ಮೊಸರಿನ ಹುಳಿಯೂ ಅದೇ ಅಲ್ವಾ? ಆ ಹುಳಿಯಲ್ಲಿ ಮೀನು ಕೊಳೆಸುವ ಬ್ಯಾಕ್ಟೀರಿಯಾ ಬೆಳೆಯುವುದು ಕಷ್ಟ. ಮೀನಿನ ಪ್ರೋಟೀನ್ ಕೂಡ ಒಡೆದು ಚೂರಾಗುತ್ತದೆ. ಅದಕ್ಕೇ ಅಷ್ಟು ರುಚಿ.

ಆದರೆ ದಯವಿಟ್ಟು ಹಸಿಯಾಗಿ ತಿನ್ನಬೇಡಿ. ಹುಳಿ ಬಂದ ಮಾತ್ರಕ್ಕೆ ಹುಳ ಸತ್ತಿದೆ ಅಂತಲ್ಲ. ಆ ಕಡೆಯ ಸಿಹಿನೀರಿನ ಮೀನಿನಲ್ಲಿ ಒಪಿಸ್ಥೋರ್ಕಿಸ್ ಎಂಬ ಹುಳದ ಮರಿ ಇರಬಹುದು. ಅದು ನಮ್ಮ ಪಿತ್ತನಾಳದಲ್ಲಿ ವರ್ಷಗಟ್ಟಲೆ ಉಳಿದರೆ ಕ್ಯಾನ್ಸರ್‌ಗೂ ದಾರಿಯಾಗಬಹುದು. ಮಧ್ಯಮ ಉರಿಯಲ್ಲಿ, ಮುಳ್ಳಿನ ಹತ್ತಿರದ ಮಾಂಸವೂ ಬೆಳ್ಳಗಾಗಿ ಬಿಡಿಬಿಡಿಯಾಗುವ ತನಕ ಎಣ್ಣೆಯಲ್ಲಿ ಕರಿಯಿರಿ. ಒಳ್ಳೆಯ ಬ್ಯಾಕ್ಟೀರಿಯಾವೂ ಸಾಯುತ್ತವೆ, ನಿಜ. ಆದರೆ ಪ್ರೋಟೀನ್ ಎಲ್ಲೂ ಹೋಗುವುದಿಲ್ಲ.

ಹಳಸಿದ ಮೀನಿನಿಂದ ಮಾಡಿದ್ದರೆ ಹಿಸ್ಟಮಿನ್ ಎಂಬ, ಅಲರ್ಜಿಯಂಥ ತೊಂದರೆ ಕೊಡುವ ವಸ್ತು ಸೇರಿರಬಹುದು. ಅದು ಕರಿದರೂ ಹೋಗದು. ತಿಂದ ಮೇಲೆ ಮುಖ ಕೆಂಪಾಗಿ ಮೈ ತುರಿಸಿದರೆ ಸುಮ್ನೆ ಕೂರಬೇಡಿ, ಡಾಕ್ಟರ್ ಹತ್ತಿರ ಹೋಗಿ. ಬಿಪಿ ಇರುವವರು ಒಂದು ಚೂರು ರುಚಿ ನೋಡಿದರೆ ಸಾಕು, ಉಪ್ಪು ಜಾಸ್ತಿ.